ಆಂಗ್ಯಾರಿ ಹಾಳೆ, ಕಂತು 4: ಮಸಿ ಮಾಯವಾಗಿದ್ದು ಲೆನ್ಸಿನ ಚೇಷ್ಟೆ

ಲಿಯೊನಾರ್ಡೊ 1505ರಲ್ಲಿ ಫ್ಲಾರೆನ್ಸಿನ ಗೋಡೆ ಮೇಲೆ ಶುರುಮಾಡಿ ಅರ್ಧಕ್ಕೇ ಕೈಬಿಟ್ಟ 'ಆಂಗ್ಯಾರಿ ಕದನ' ಚಿತ್ರ ಈಗಿಲ್ಲ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿರೋದು 16ನೇ ಶತಮಾನದ ಯಾರೋ ಇಟಲಿಯವನು ಮಾಡಿದ ನಕಲು, ಅದರ ಮೇಲೆ ಫ್ಲೆಮಿಶ್ ಚಿತ್ರಕಾರ ರೂಬೆನ್ಸ್ ತಿದ್ದಿದ್ದು. ಯಾವ ಗೆರೆ ಯಾರದು? ಮೂಲ ಹಾಳೆ ಕೈಗೆ ಸಿಗೋದಲ್ಲ, ಹಾಗಾಗಿ ಪ್ರಯೋಗವೆಲ್ಲ ಅಣಕು ಹಾಳೆ ಮೇಲೆ: ಕೆಳಗೆ ಕರಿ ಚಾಕ್, ಮೇಲೆ ಕಬ್ಬಿಣದ ಮಸಿ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಲ್ಲಿ ಚಿತ್ರ ತೆಗೆದರೆ ಮಸಿ ಮಾಯವಾಗಿ ಚಾಕ್ ಉಳಿಯಬೇಕು.

ಮಸಿಗೆ ಮಾಚಿಕಾಯಿ 30 ಗ್ರಾಂ, ಅನ್ನಭೇದಿ (ಕಬ್ಬಿಣದ ಸಲ್ಫೇಟ್) 20, ಗೋಂದು 10, ನೀರು 300 ಮಿಲಿ. ಗ್ರಂದಿಗೆ ಅಂಗಡಿಯವರು ಕೊಟ್ಟ ಮಾಚಿಕಾಯಲ್ಲಿ ಅರ್ಧಕ್ಕರ್ಧ ತೂತು. ಹುಳ ಹಾರಿಹೋದ ಕಾಯಲ್ಲಿ ಮಸಿಗೆ ಬೇಕಾದ ಒಗರು, ಅಂದರೆ ಟ್ಯಾನಿನ್, ಕಮ್ಮಿ. ಅನ್ನಭೇದಿಯೋ, ಹಸಿರು ಹೋಗಿ ತುಕ್ಕಿನ ಪುಡಿ. ಎರಡನೇ ಸಲ ತರಿಸಿದ್ದಾಯ್ತು.

ಕ್ಯಾಮೆರಾಗೆ 850 ನ್ಯಾನೊಮೀಟರ್‌ನ ಇನ್ಫ್ರಾರೆಡ್ ಫಿಲ್ಟರ್ ಹಾಕಿ ತೆಗೆದ ಚಿತ್ರದಲ್ಲಿ ನಡುವಿನ ಕುದುರೆಯ ಗೆರೆಗಳು ಮಂಕು, ಅಂಚಿನವು ಕಪ್ಪು. ಒಂದೇ ಬಾಟಲಿಯ ಮಸಿ, ನೋಡಿದರೆ ಎರಡು ಕೈ! ಹಾಳೆಯನ್ನು 10 ಸೆಂ.ಮೀ. ಎಡಕ್ಕೆ ಸರಿಸಿದಾಗ ಗುಟ್ಟು ರಟ್ಟಾಯ್ತು: ಮಂಕು ಕಲೆ ಚೌಕಟ್ಟಿನ ನಡುವಲ್ಲೇ ಕೂತಿತ್ತು. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸಿನೊಳಗೆ ಇನ್ಫ್ರಾರೆಡ್ ಪ್ರತಿಫಲಿಸಿ ನಡುವೆ ಆಗುವ ಬೆಳಕಿನ ಕಲೆ, ಹಾಟ್‌ಸ್ಪಾಟ್. ಕಾಗದ ಮೊದಲೇ ಬೆಳ್ಳಗಿದ್ದುದರಿಂದ ಅಲ್ಲಿ ಕಾಣಲಿಲ್ಲ, ಕಪ್ಪು ಗೆರೆಯನ್ನು ಮಾತ್ರ ತೊಳೆದುಹಾಕಿತ್ತು.

ಹೋಲಿಸಿ ನೋಡಲು ಬೇಕಾದ ಬಿಳಿ ಗುರುತಿಗೆ ಪ್ಲಂಬಿಂಗ್‌ನ ಟೆಫ್ಲಾನ್ ಟೇಪನ್ನು ಹತ್ತು ಪದರ ಸುತ್ತಿ ಚಿತ್ರ ತೆಗೆದು, ಹಾಳೆಯ ಚಿತ್ರದ ಬೆಳಕನ್ನು ಅದರ ಬೆಳಕಿನಿಂದ ಭಾಗಿಸಿದರೂ ಕಲೆ ಪೂರ್ತಿ ಹೋಗಲಿಲ್ಲ. ಹೋಗೋದೂ ಇಲ್ಲ, ಇದು ಮೇಲಿಂದ ಕೂಡಿಕೊಂಡ ಬೆಳಕು, ಭಾಗಿಸಿದರೆ ಕಳೆಯೋದಿಲ್ಲ. ಲೆನ್ಸಿನ ಕಿಂಡಿಯನ್ನು ಕಿರಿದಾದ ಎಫ್/11 ಬಿಟ್ಟು ಅಗಲವಾದ ಎಫ್/4ಕ್ಕೆ ತೆರೆದು, ಹಳೇ 50 ಮಿ.ಮೀ. ಲೆನ್ಸ್ ಹಾಕಿದ ಮೇಲೆ ಕಲೆ ಹೋಯ್ತು.

ಆದರೂ ಮಸಿ ಬೂದುಬಣ್ಣದಲ್ಲೇ ನಿಂತಿತು. 850 ಸಾಲದು. 1000ದ ಫಿಲ್ಟರ್‌ಗೆ ಎಲ್‌ಇಡಿ ಬಲ್ಬು ದಂಡ, ಹ್ಯಾಲೊಜೆನ್ನೇ ಬೇಕು (ಚಿತ್ರ ತೆಗೆಯುವಷ್ಟು ಹೊತ್ತು ಮಾತ್ರ ಉರಿಸಿ, ಕಾಗದ ಕಾಯುತ್ತೆ). ಸಿಲಿಕಾನ್ ಸೆನ್ಸರ್‌ಗೆ ಅಲ್ಲಿ ಕಣ್ಣು ಮಂಜು, ಹಾಗಾಗಿ ಎಕ್ಸ್‌ಪೋಶರ್ ಸೆಕೆಂಡುಗಟ್ಟಲೆ. ಮಸಿ ತೆಳುನೆರಳಾಯ್ತು, ಕೆಳಗಿನ ಚಾಕ್ ಕುದುರೆ ಮೂಗಿನ ಹೊಳ್ಳೆ ಸಮೇತ ಎದ್ದು ಬಂತು!

ಹಿಗ್ಗಬೇಡಿ. ನಕಲು ಮಾಡಿದವನು, ರೂಬೆನ್ಸ್ ಇಬ್ಬರೂ ಕಬ್ಬಿಣದ ಮಸಿಯನ್ನೇ ಬಳಸಿದ್ದರೆ ಇಬ್ಬರ ಗೆರೆಯೂ ಒಟ್ಟಿಗೇ ಮಾಯ. ಆಗ ಎಕ್ಸ್‌-ರೇ ಫ್ಲೋರೊಸೆನ್ಸ್‌ನಲ್ಲಿ (ಎಕ್ಸ್‌-ರೇ ಬಿಟ್ಟು ಯಾವ ಲೋಹ ಇದೆ ಅಂತ ಗುರುತಿಸುವ ವಿಧಾನ) ಕಬ್ಬಿಣದ ಜೊತೆ ಸತು, ತಾಮ್ರ, ಮ್ಯಾಂಗನೀಸ್ ಎಷ್ಟೆಷ್ಟಿದೆ ಅಂತ ನೋಡಬೇಕು. ಒಂದೊಂದು ಗಣಿಯ ಅನ್ನಭೇದಿಯ ಕಲಬೆರಕೆ ಒಂದೊಂದು ಥರ. ಆ ಯಂತ್ರದ ಬೆಲೆ ಕೇಳಿ ಫೋನ್ ಇಟ್ಟಿದ್ದಾಗಿದೆ.

ಬದಲಿಗೆ ಮುಂದಿನದು ಲೈಟ್‌ಬಾಕ್ಸ್. ಲೂವ್ರ್‌ನ ನಕಲನ್ನು ದೊಡ್ಡ ಹಾಳೆಯೊಳಗೆ ಕೂರಿಸಿ ಹಿಗ್ಗಿಸಿದ್ದಾರೆ. ಅದೇ ಥರ ಎರಡು ಕೈಕಾಗದ ಅಂಟಿಸಿ, ಹಿಂದಿನಿಂದ ಬೆಳಕು ಬಿಟ್ಟು, ಕಾಗದ ಮಾಡುವ ಅಚ್ಚಿನ ತಂತಿಗಳು ಬಿಟ್ಟ ಗೆರೆಗಳ ಅಂತರ ಎಲ್ಲಿ ಬದಲಾಗುತ್ತೆ ಅಂತ ಅಳೆಯೋದು. ಮೈದಾ ಅಂಟು ಈಗಾಗಲೇ ಬೂಷ್ಟು ಹಿಡಿದಿದೆ.