ಹೌದು, ಇನ್ನೂ ಓದುತ್ತೇನೆ

ಪ್ರಶ್ನೆ ಇದು: “ಇನ್ನೂ ಕಾಮಿಕ್ಸ್ ಓದುತ್ತೀರಾ?” ಉತ್ತರ: ಹೌದು.

ಕೇಳಿದವರು ಇಷ್ಟಕ್ಕೆ ಸುಮ್ಮನಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ನಾನು ದಿನವೂ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವಳು. ಕಾಪು ದಾಟುವಷ್ಟರಲ್ಲಿ ಪಕ್ಕದ ಸೀಟಿನವರು ನನ್ನ ಕೈಯಲ್ಲಿರುವ ಪುಸ್ತಕವನ್ನೊಮ್ಮೆ, ನರೆತ ಕೂದಲನ್ನೊಮ್ಮೆ ನೋಡಿ “ಮಕ್ಕಳಿಗಾ?” ಎನ್ನುತ್ತಾರೆ. ಅಲ್ಲ, ನನಗೇ ಎಂದರೆ ಅವರ ಮುಖದಲ್ಲಿ ಮರುಕ ಮೂಡುತ್ತದೆ. ಪುಸ್ತಕದ ಅಂಗಡಿಯಲ್ಲಿ ಮಗುವಿಗೆ ಎಷ್ಟು ವರ್ಷ ಎಂದು ವಿಚಾರಿಸುತ್ತಾರೆ. ಕಚೇರಿಯಲ್ಲಿ ಒಬ್ಬರು “ನೀವು ಓದುವವರು ಅಂದುಕೊಂಡಿದ್ದೆ” ಎಂದರು. ಆ ಮಾತು ಎರಡು ವರ್ಷದಿಂದ ಹೊಟ್ಟೆಯಲ್ಲಿ ಉರಿಯುತ್ತಿದೆ.

ನನಗೆ ಸಿಟ್ಟು ತರಿಸುವುದು ಆ ‘ಇನ್ನೂ’. ಇನ್ನೂ ಹಾಲುಹಲ್ಲು ಬಿದ್ದಿಲ್ಲವೇ ಎಂದ ಹಾಗೆ ಅದನ್ನು ಹೇಳುತ್ತಾರೆ. ಅಕ್ಷರ ಬರುವ ತನಕ ಮಗು ಚಿತ್ರ ಹಿಡಿದುಕೊಂಡು ನಡೆಯಬೇಕು, ಅಕ್ಷರ ಬಂದ ಮೇಲೆ ಬಿಡಬೇಕು ಎಂಬುದು ಅವರ ಲೆಕ್ಕ. ಹೀಗೆ ಹೇಳುವವರೇ ಭಾನುವಾರ ಮಾಲ್‌ಗೆ ಹೋಗಿ, ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರುವ ನಾಯಕನನ್ನು ಎರಡೂವರೆ ಗಂಟೆ ಕಣ್ಣು ಮಿಟುಕಿಸದೆ ನೋಡಿ ಬರುತ್ತಾರೆ. ಸೂಪರ್‌ಮ್ಯಾನ್ 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ ಹುಟ್ಟಿದ್ದು ಅಗ್ಗದ ಕಾಗದದ ಕಾಮಿಕ್ಸ್ ಪುಸ್ತಕದಲ್ಲಿ. ಕಾಗದದಲ್ಲಿದ್ದಾಗ ಮಕ್ಕಳದ್ದಾಗಿದ್ದ ಕಥೆ ಪರದೆಗೆ ಬಂದೊಡನೆ ದೊಡ್ಡವರದ್ದಾಗುವುದು ಹೇಗೆ? 1987ರಲ್ಲಿ ಟಿವಿಯಲ್ಲಿ ರಾಮಾಯಣ ಧಾರಾವಾಹಿ ಶುರುವಾದಾಗ ನನಗೆ 11 ವರ್ಷ. ಭಾನುವಾರ ಬೆಳಿಗ್ಗೆ ನೆರೆಮನೆಯ ಹೊಸ್ತಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿರುತ್ತಿತ್ತು, ಒಳಗೆ ನನ್ನ ಅಜ್ಜಿ ಎಲ್ಲರಿಗಿಂತ ಮುಂದೆ ಕುಳಿತಿರುತ್ತಿದ್ದರು. ಅಜ್ಜಿಗೆ ವಯಸ್ಸೆಷ್ಟು ಎಂದು ಯಾರೂ ಕೇಳಲಿಲ್ಲ.

ಕಾರ್ಕಳದ ಸಂಗತಿ ಹೇಳುತ್ತೇನೆ. ಕಳೆದ ವರ್ಷ ಮೇ ತಿಂಗಳಲ್ಲಿ ಅಲ್ಲಿ ಭಾವನ ಮನೆಯ ಗೃಹಪ್ರವೇಶ. ಊಟದ ಎರಡನೆಯ ಪಂಕ್ತಿ ಎದ್ದಿತ್ತು. ನಾದಿನಿಯ ಮಗಳು, ಎಂಟು ವರ್ಷದವಳು, ಬೇಸರದಿಂದ ಕಂಬ ಸುತ್ತುತ್ತಿದ್ದಳು. ನನ್ನ ಚೀಲದಲ್ಲಿ ಅಮರ ಚಿತ್ರ ಕಥೆಯ ಹಳೆಯ ಕನ್ನಡ ಪ್ರತಿಯೊಂದಿತ್ತು. ಇಬ್ಬರೂ ಜಗಲಿಯಲ್ಲಿ ಕುಳಿತು ಬಿಡಿಸಿದೆವು. ಮೂರನೆಯ ಪುಟಕ್ಕೆ ಅವಳ ಬೆರಳು ನಿಂತಿತು. “ಅತ್ತೆ, ಕೃಷ್ಣನ ನೀಲಿ ಯಾಕೆ ಹೊರಗೆ ಬಂದಿದೆ?”

ನಿಜವಾಗಿಯೂ ಬಂದಿತ್ತು. ತೋಳಿನ ಕಪ್ಪು ಗೆರೆಯನ್ನು ದಾಟಿ ಅರ್ಧ ನೂಲಿನಷ್ಟು ನೀಲಿ ಆಚೆ ಚಾಚಿತ್ತು, ತೋಳಿನ ಈಚೆ ಬದಿಯಲ್ಲಿ ಅಷ್ಟೇ ಅಗಲದ ಬಿಳಿ ಉಳಿದಿತ್ತು. ಹಳದಿ, ಕೆಂಪು, ನೀಲಿ, ಕಪ್ಪು ಎಂದು ನಾಲ್ಕು ಬಣ್ಣ, ಒಂದೊಂದಕ್ಕೂ ಬೇರೆ ಅಚ್ಚು, ನಾಲ್ಕೂ ಒಂದರ ಮೇಲೊಂದು ಕೂತರೆ ಮಾತ್ರ ಚಿತ್ರ ಸರಿಯಾಗುತ್ತದೆ, ಕಾಗದ ಕೂದಲೆಳೆಯಷ್ಟು ಜರುಗಿದರೂ ಕೃಷ್ಣ ಮೈಯಿಂದ ಹೊರಗೆ ಬರುತ್ತಾನೆ ಎಂದು ವಿವರಿಸಿದೆ. ತೆಳು ನೀಲಿಯೆಂದು ಕಾಣುವುದು ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ಎಂದಾಗ ಅವಳು ನಂಬಲಿಲ್ಲ. ಒಳಗೆ ಓಡಿ, ಭಾವನ ಓದುವ ಕನ್ನಡಕ ತಂದು, ಪುಟದ ಮೇಲೆ ಹಿಡಿದು ನೋಡಿದಳು. ಚುಕ್ಕೆಗಳು ಕಂಡವು. ಕಿರುಚಿದಳು.

ಕನ್ನಡಕ ಹುಡುಕುತ್ತಾ ಭಾವ ಹೊರಗೆ ಬಂದರು. “ಏನು ಮಾರಾಯ್ತಿ, ಇನ್ನೂ ಈ ಮಕ್ಕಳ ಪುಸ್ತಕ ಬಿಟ್ಟಿಲ್ಲವಾ ನೀನು?” ಜಗಲಿಯಲ್ಲಿದ್ದವರೆಲ್ಲ ನಕ್ಕರು. ಮಗು ನನ್ನ ಮುಖ ನೋಡಿ ಪುಸ್ತಕ ಮುಚ್ಚಿತು. ನನ್ನನ್ನು ಕೆರಳಿಸಿದ್ದು ಅದು.

“ಭಾವ, ಈ ಪುಸ್ತಕಗಳನ್ನು ಮಾಡಿದವರು ನಿಮ್ಮ ಊರಿನಲ್ಲೇ ಹುಟ್ಟಿದವರು” ಎಂದೆ.

“ಯಾರು?”

ಗೊಮ್ಮಟ ನಿಂತದ್ದು 1432ರಲ್ಲಿ ಎಂದು ಥಟ್ಟನೆ ಹೇಳುವ ಭಾವನಿಗೆ ಅನಂತ ಪೈ ಕಾರ್ಕಳದವರೆಂದು ಗೊತ್ತಿರಲಿಲ್ಲ. ನಾನು ಬಿಡಲಿಲ್ಲ. 1929ರಲ್ಲಿ ಹುಟ್ಟಿ ಎರಡು ವರ್ಷದವನಿರುವಾಗ ತಂದೆತಾಯಿಯನ್ನು ಕಳೆದುಕೊಂಡ ಮಗು, 12ನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋದ ಹುಡುಗ. 1964ರಲ್ಲಿ ಫ್ಯಾಂಟಮ್‌ನೊಂದಿಗೆ ಇಂದ್ರಜಾಲ್ ಕಾಮಿಕ್ಸ್ ಶುರುವಾದಾಗ ಆ ಕೆಲಸದಲ್ಲಿದ್ದವರು. 1967ರಲ್ಲಿ ಟಿವಿಯ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರಿಗೆ ತಡವರಿಸಿದ್ದನ್ನು ಕಂಡು ಕಳವಳಪಟ್ಟವರು. ಇನ್ನೂ ಒಂದು ಮಾತು: ಅಮರ ಚಿತ್ರ ಕಥೆ ಸರಣಿಯಲ್ಲಿ ಇಂಗ್ಲಿಷಿನಲ್ಲಿ ಬಂದ ‘ಕೃಷ್ಣ’ದ ಸಂಖ್ಯೆ 11. ಒಂದರಿಂದ ಹತ್ತರ ತನಕ ಎಲ್ಲಿ ಹೋದವು? ಅವು ಕನ್ನಡದವು. ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಸಿಂಡ್ರೆಲಾದಂಥ ಪಾಶ್ಚಾತ್ಯ ಕಥೆಗಳು ಈ ಸರಣಿಯಲ್ಲಿ ಮೊದಲು ಕನ್ನಡದಲ್ಲೇ ಬಂದಿದ್ದವು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಪಾಯಸದ ಲೋಟ ಹಿಡಿದವರು ಹಿಡಿದ ಹಾಗೇ ನಿಂತಿದ್ದರು.

“ಹೌದಾ? ನಮ್ಮ ಊರಿನವರಾ?” ಎಂದರು ಭಾವ, ಬಹಳ ಸಂತೋಷದಿಂದ. ಆಮೇಲೆ ಕನ್ನಡಕ ಕೇಳಿ ತೆಗೆದುಕೊಂಡು ಒಳಗೆ ಹೋದರು. ಪುಸ್ತಕವನ್ನು ಮುಟ್ಟಲಿಲ್ಲ.

ವಾದ ಗೆದ್ದೆ, ಆದರೆ ಗೆದ್ದ ಸಂತೋಷವಾಗಲಿಲ್ಲ. ಮೊದಲೆಲ್ಲ ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಅನ್ನು ಹೀಗೆಯೇ ಗುರಾಣಿಯಂತೆ ಎತ್ತಿ ಹಿಡಿಯುತ್ತಿದ್ದೆ. ನಾಜಿಗಳ ಸೆರೆಶಿಬಿರದಿಂದ ಬದುಕಿ ಬಂದ ತಂದೆಯ ಕಥೆಯನ್ನು, ಯಹೂದಿಗಳನ್ನು ಇಲಿಗಳಾಗಿಯೂ ನಾಜಿಗಳನ್ನು ಬೆಕ್ಕುಗಳಾಗಿಯೂ ಬರೆದು ಹೇಳಿದ ಪುಸ್ತಕ. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಬಂತು. ಪುಲಿಟ್ಜರ್ ಎಂದ ಕೂಡಲೇ ಕೇಳಿದವರು ತಲೆಯಾಡಿಸುತ್ತಿದ್ದರು. ಪ್ರಶಸ್ತಿಗೆ ತಲೆಯಾಡಿಸಿದರು, ಊರಿನ ಹೆಸರಿಗೆ ಹಿಗ್ಗಿದರು. ಚಿತ್ರವನ್ನು ನೋಡಿದವರು ಯಾರು? ಅಂದು ಆ ಜಗಲಿಯಲ್ಲಿ ಚಿತ್ರ ನೋಡಿದವಳು ಒಬ್ಬಳೇ, ಕನ್ನಡಕ ಹಿಡಿದ ಹುಡುಗಿ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ಈ ಚಿತ್ರ ಬರೆದವರು ಯಾರು?

ನಮ್ಮ ಭಾಷೆಯಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಕಾಗದವನ್ನೂ ಬರೆಯುತ್ತೇವೆ. ಎರಡಕ್ಕೂ ಕ್ರಿಯಾಪದ ಒಂದೇ. ಹಾಗಿದ್ದರೂ ಅಕ್ಷರ ಬರೆದವರ ಹೆಸರು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಚಂದಮಾಮದ ತ್ರಿವಿಕ್ರಮ ಕೈಯಲ್ಲಿ ಕತ್ತಿ ಹಿಡಿದು, ಹೆಗಲ ಮೇಲೆ ಶವ ಹೊತ್ತು ನಡೆಯುವ ಚಿತ್ರ ನನ್ನ ವಯಸ್ಸಿನ ಎಲ್ಲರ ಕಣ್ಣಲ್ಲೂ ಇದೆ. ‘ಛಲ ಬಿಡದ ತ್ರಿವಿಕ್ರಮ’ ಎಂದರೆ ಸಾಕು, ಎದುರಿಗೆ ಬರುತ್ತದೆ. ಅದನ್ನು ಬರೆದ ಶಂಕರ್, ಅಂದರೆ ಕೆ.ಸಿ. ಶಿವಶಂಕರನ್, 2020ರಲ್ಲಿ ತೀರಿಕೊಂಡಾಗ ನಾನು ನಾಲ್ಕು ಜನರಿಗೆ ಫೋನ್ ಮಾಡಿ ಹೇಳಿದೆ. ನಾಲ್ವರೂ “ಯಾರು?” ಎಂದರು. ಆ ಸಂಖ್ಯೆ 11ರ ಕೃಷ್ಣನನ್ನು ಬರೆದವರು ರಾಮ್ ವಾಯಿರಕರ್. ಮಕ್ಕಳ ಪತ್ರಿಕೆ ಟಿಂಕಲ್‌ನ ಸುಪ್ಪಂಡಿಗೆ ಆ ಉದ್ದ ತಲೆ ಕೊಟ್ಟವರೂ ಅವರೇ. ಕಣ್ಣಿನ ಮೇಲೆ ಟೋಪಿ ಇಳಿಬಿಟ್ಟ ಶಿಕಾರಿ ಶಂಭುವನ್ನು ಬರೆದವರು ವಸಂತ ಹಳಬೆ. ಅಮೆರಿಕದಲ್ಲಿ ಕಥೆ ತಿರುವುಮುರುವು, ಮರೆವು ಮಾತ್ರ ಅದೇ: ಬ್ಯಾಟ್‌ಮ್ಯಾನ್‌ನನ್ನು ಚಿತ್ರಕಾರ ಬಾಬ್ ಕೇನ್ ಜೊತೆ ಸೇರಿ ರೂಪಿಸಿದ ಕಥೆಗಾರ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಸೃಷ್ಟಿಕರ್ತರ ಸಾಲಿನಲ್ಲಿ ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ.

ಈ ಪ್ರಶ್ನೆ ನಮ್ಮ ಕರಾವಳಿಯವರಿಗೆ ಹೊಸದಲ್ಲ ಎಂಬುದೇ ನನಗೆ ಹೆಚ್ಚು ನೋವು ಕೊಡುವ ಸಂಗತಿ. ದೇವಿ ಮಹಾತ್ಮೆಯ ಯಕ್ಷಗಾನ ಆಟ ಇದೆ ಎಂದರೆ ಇಲ್ಲಿ ಕಥೆ ಏನು ಎಂದು ಯಾರೂ ಕೇಳುವುದಿಲ್ಲ. “ಮಹಿಷಾಸುರ ಯಾರದ್ದು? ಭಾಗವತರು ಯಾರು?” ಎಂದೇ ಕೇಳುವುದು. ಕಥೆ ಅಜ್ಜನಿಗೂ ಗೊತ್ತು, ಮೊಮ್ಮಗನಿಗೂ ಗೊತ್ತು. ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂಬುದಕ್ಕೆ ಜನ ರಾತ್ರಿ ನಿದ್ದೆ ಬಿಡುತ್ತಾರೆ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗುತ್ತಿದ್ದರು. ಬಣ್ಣದ ವೇಷದವರು ಕನ್ನಡಿ ಎದುರು ಕುಳಿತು, ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಚುಟ್ಟಿಯನ್ನು ತಮ್ಮದೇ ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಎಬ್ಬಿಸುತ್ತಿದ್ದರು. ಒಂದು ಸಾಲು ಮುಗಿದ ಮೇಲೆ ಇನ್ನೊಂದು ಸಾಲು. ನನ್ನ ಎದುರಿಗೇ ಒಬ್ಬ ಮನುಷ್ಯನ ಕೆನ್ನೆ ನಿಧಾನವಾಗಿ ರಾಕ್ಷಸನ ಕೆನ್ನೆಯಾಗುತ್ತಿತ್ತು. ಆಮೇಲೆ ನಿದ್ದೆ ಹೋದವಳನ್ನು ನಡುರಾತ್ರಿ ಎಬ್ಬಿಸಿದಾಗ ದೊಂದಿಗೆ ಎರಚಿದ ರಾಳ ಭಗ್ಗೆಂದು ಉರಿದು, ಆ ಬೆಳಕಿನಲ್ಲಿ ಕೊಂಬು ಹೊತ್ತ ಮಹಿಷಾಸುರ ಜನರ ನಡುವಿನಿಂದಲೇ ಆರ್ಭಟಿಸುತ್ತಾ ಬರುತ್ತಿದ್ದ. ಅಪ್ಪ ನನ್ನ ಕಿವಿಯಲ್ಲಿ ಆ ಕಲಾವಿದರ ಹೆಸರು ಹೇಳುತ್ತಿದ್ದರು. ದೇವರ ಹೆಸರಿನಷ್ಟೇ ಭಕ್ತಿಯಿಂದ ಹೇಳುತ್ತಿದ್ದರು.

ಕಾಮಿಕ್ಸ್ ಪುಟವನ್ನು ನಾನು ನೋಡುವುದು ಆ ಕಣ್ಣಿನಿಂದ. ಈ ಚೌಕದಲ್ಲಿ ಕಂಸನ ಮುಖ ತೋರಿಸದೆ ನೆರಳನ್ನು ಮಾತ್ರ ಗೋಡೆಗೆ ಬಿಟ್ಟದ್ದೇಕೆ, ಮುಖವನ್ನು ಪುಟ ಮಗುಚಿದ ಮೇಲಕ್ಕೆ ಉಳಿಸಿಕೊಂಡದ್ದೇಕೆ? ತೆರೆಯ ಹಿಂದೆ ಕಿರೀಟವನ್ನಷ್ಟೇ ಕಾಣಿಸಿ ಕುಣಿಯುವ ಬಣ್ಣದ ವೇಷ ಮಾಡುವುದೂ ಅದನ್ನೇ. ಇಂಗ್ಲಿಷಿನ ಅಳತೆಗೆ ಮಾಡಿಟ್ಟ ಮಾತಿನ ಗುಳ್ಳೆಯೊಳಗೆ ಕನ್ನಡದ ಒತ್ತಕ್ಷರಗಳು ಒಂದರ ಕಾಲನ್ನೊಂದು ತುಳಿಯದಂತೆ ಕೈಯಲ್ಲೇ ಬರೆದು ಕೂರಿಸಿದವರು ಯಾರು? ಅವರ ಹೆಸರು ಆ ಹಳೆಯ ಪ್ರತಿಯಲ್ಲಿ ಎಲ್ಲೂ ಇಲ್ಲ. ನಾಲ್ಕು ಸಲ ಹುಡುಕಿದ್ದೇನೆ.

ನಾನು ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಇರುತ್ತೇನೆ. ಪಕ್ಕದಲ್ಲಿ ಕೂತರೆ “ಮಕ್ಕಳಿಗಾ?” ಎಂದು ಕೇಳಬೇಡಿ. ಬರೆದವರು ಯಾರು ಎಂದು ಕೇಳಿ, ಪುಸ್ತಕವನ್ನೇ ಕೊಡುತ್ತೇನೆ, ಕಿಟಕಿಯ ಬದಿಯ ಸೀಟನ್ನೂ ಕೊಡುತ್ತೇನೆ. 32 ಪುಟ, ಪಡುಬಿದ್ರಿಯ ಹೊತ್ತಿಗೆ ಮುಗಿಯುತ್ತದೆ. ಅವಸರ ಮಾಡದೆ ನೋಡಿದರೆ ಸುರತ್ಕಲ್ ಆಗಬಹುದು. ಪುಟದ ಮೂಲೆ ಮಾತ್ರ ಮಡಚಬೇಡಿ.