ಸೇಂಟ್ ಅಗಸ್ಟೀನ್: ಎಲ್ಲಿ ನಿಲ್ಲಬೇಕು, ಎಲ್ಲಿ ದಾಟಿಕೊಂಡು ಹೋಗಬೇಕು

ಫ್ಲೋರಿಡಾ ಎಂದರೆ ನಮ್ಮವರಿಗೆ ಡಿಸ್ನಿ, ಮಯಾಮಿ, ಹೆಚ್ಚೆಂದರೆ ಕೀ ವೆಸ್ಟ್. ಊರಿಂದ ಅಪ್ಪ-ಅಮ್ಮ ಬಂದರೆ ಒರ್ಲಾಂಡೊಗೆ ಒಯ್ದು, ಬಿಸಿಲಲ್ಲಿ ಸಾಲು ಹಚ್ಚಿಸಿ, ಸುಸ್ತು ಮಾಡಿಸಿ ವಾಪಸ್ ಕರೆತರುತ್ತೇವೆ. ಅಲ್ಲಿಂದ ಸುಮಾರು ನೂರು ಮೈಲಿ, ಎರಡು ತಾಸಿನ ದಾರಿಯಲ್ಲಿ ಸೇಂಟ್ ಅಗಸ್ಟೀನ್ ಇದೆ. ಜ್ಯಾಕ್ಸನ್‌ವಿಲ್ ಕಡೆಯಿಂದ ಬಂದರೆ ಒಂದೇ ತಾಸು. ಹದಿನೈದು ಸಾವಿರದ ಆಸುಪಾಸಿನ ಜನ ಇರುವ ಪುಟ್ಟ ಊರು. ಮಾಮೂಲಿ ಪ್ಯಾಕೇಜಿನಲ್ಲಿ ಒರ್ಲಾಂಡೊದಿಂದ ಬೆಳಗ್ಗೆ ಬಂದು ಸಂಜೆ ಹೊರಡಿಸುತ್ತಾರೆ. ಅದು ಸಾಲದು, ಎರಡು ರಾತ್ರಿ ಇಟ್ಟುಕೊಳ್ಳಿ.

1565ರ ಸೆಪ್ಟೆಂಬರ್ 8ರಂದು ಸ್ಪೇನಿನ ಪೆಡ್ರೊ ಮೆನೆಂಡೆಸ್ ಇಲ್ಲಿ ಇಳಿದು ಠಾಣ್ಯ ಹೂಡಿದ. ಅದೇ ವರ್ಷದ ಜನವರಿಯಲ್ಲಿ ತಾಳಿಕೋಟೆ ಯುದ್ಧ ಮುಗಿದು ಹಂಪಿ ಹಾಳಾಗಿತ್ತು. ಅಮೆರಿಕದ ಇತಿಹಾಸವೆಂದರೆ ಇನ್ನೂರೈವತ್ತು ವರ್ಷದ್ದು ಎಂದುಕೊಂಡು ಬರುವ ನಮಗೆ ಈ ಒಂದು ಇಸವಿ ಸಾಕು, ಊರನ್ನು ಬೇರೆ ಕಣ್ಣಿನಿಂದ ನೋಡಲು. ಅಮೆರಿಕದ ಮುಖ್ಯಭೂಮಿಯಲ್ಲಿ ಯುರೋಪಿನವರು ಕಟ್ಟಿದ ಊರುಗಳ ಪೈಕಿ ಜನವಾಸ ತಪ್ಪದೆ ನಡೆದುಬಂದ ಅತಿ ಹಳೆಯದು ಇದು.

ಆದರೆ ಈ ಹಳೆಯತನವೇ ಇಲ್ಲಿನ ವ್ಯಾಪಾರವೂ ಹೌದು. ಗಾಡಿ ಓಡದ ಸೇಂಟ್ ಜಾರ್ಜ್ ಬೀದಿಯಲ್ಲಿ ನಡೆದರೆ ಅತಿ ಹಳೆಯ ಶಾಲೆ, ಅತಿ ಹಳೆಯ ಮನೆ, ಅತಿ ಹಳೆಯ ಅಂಗಡಿ ಎಂದು ಬೋರ್ಡುಗಳ ಸಾಲೇ ಸಾಲು. ನಡುನಡುವೆ ಕಡಲ್ಗಳ್ಳರ ಟೋಪಿ, ದೆವ್ವದ ಟೂರಿನ ಕರಪತ್ರ. ಒಂದು ಸಂಗತಿ ತಲೆಯಲ್ಲಿಟ್ಟುಕೊಂಡರೆ ದುಡ್ಡೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ: 1702ರಲ್ಲಿ ಇಂಗ್ಲಿಷರು ಈ ಊರಿಗೆ ಬೆಂಕಿ ಇಟ್ಟರು. ಅದಕ್ಕಿಂತ ಹಿಂದಿನ ಕಟ್ಟಡ ಅಂತ ಗಟ್ಟಿಯಾಗಿ ನಿಂತಿರುವುದು ಕೋಟೆ ಒಂದೇ. ಮರದ ಶಾಲೆಯ ಮನೆಯನ್ನು ಹೊರಗಿನಿಂದ ನೋಡಿದರೆ ಸಾಕು. ಬಿರುಗಾಳಿಗೆ ಹಾರದಿರಲಿ ಎಂದು ಅದಕ್ಕೆ ಸುತ್ತಿದ ದಪ್ಪ ಸರಪಳಿ ಬೀದಿಯಿಂದಲೇ ಕಾಣುತ್ತದೆ.

ಹಾಗಾಗಿ ಮೊದಲ ಬೆಳಗ್ಗೆಯನ್ನು ಪೂರ್ತಿ ಕೋಟೆಗೆ ಕೊಡಿ. ಕಸ್ತಿಯೊ ದೆ ಸಾನ್ ಮಾರ್ಕೋಸ್ ಅದರ ಹೆಸರು. 1672ರಲ್ಲಿ ಶುರುವಾಗಿ 1695ರಲ್ಲಿ ಮುಗಿದದ್ದು, ಈಗ ನ್ಯಾಷನಲ್ ಪಾರ್ಕ್ ಸರ್ವೀಸ್ ಕೈಯಲ್ಲಿದೆ. ದೊಡ್ಡವರಿಗೆ 15 ಡಾಲರ್ ಟಿಕೆಟ್, ಹದಿನಾರರೊಳಗಿನ ಮಕ್ಕಳಿಗೆ ಪುಕ್ಕಟೆ. ದರ ಬದಲಾಗಿದೆಯೇ ಎಂದು ಹೊರಡುವ ಮುನ್ನ ನೋಡಿಕೊಳ್ಳಿ. ಒಮ್ಮೆ ಕೊಂಡ ಟಿಕೆಟ್ ಏಳು ದಿನ ನಡೆಯುತ್ತದೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಒಳಗೆ ಹೋಗಿ, ಬಿಸಿಲೇರಿದಾಗ ಹೊರಬಂದು, ಮಾರನೆಯ ದಿನ ಮುಚ್ಚುವ ಮುಂಚೆ ಮತ್ತೆ ಒಂದು ಸುತ್ತು ಹಾಕಬಹುದು. ನ್ಯಾಷನಲ್ ಪಾರ್ಕ್‌ಗಳ ವಾರ್ಷಿಕ ಪಾಸ್ ಇದ್ದವರು ಅದನ್ನು ಮನೆಯಲ್ಲಿ ಮರೆತು ಬರಬೇಡಿ.

ಕೋಟೆಯಲ್ಲಿ ಮೊದಲು ನೋಡಬೇಕಾದದ್ದು ಫಿರಂಗಿಯನ್ನಲ್ಲ, ಗೋಡೆಯನ್ನು. ಒಂದಡಿಯಷ್ಟು ಹತ್ತಿರಕ್ಕೆ ಹೋಗಿ ನೋಡಿ. ಅದು ಬರೀ ಚಿಪ್ಪು. ಕಿರುಬೆರಳ ಉಗುರಿನಷ್ಟು ಸಣ್ಣ ಸಣ್ಣ ಕಡಲಚಿಪ್ಪುಗಳು, ಕೆಲವು ಇಡಿಯಾಗಿ, ಕೆಲವು ಚೂರಾಗಿ, ಒಂದಕ್ಕೊಂದು ಅಂಟಿ ಕಲ್ಲಾಗಿವೆ. ಕೊಕೀನಾ ಎನ್ನುತ್ತಾರೆ. ಎದುರಿನ ಅನಸ್ಟೇಸಿಯಾ ದ್ವೀಪದಲ್ಲಿ ಅಗೆದು ದೋಣಿಯಲ್ಲಿ ತಂದದ್ದು. ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿಗೆ ಒಣಗಿದ ಮೇಲೆ ಗಟ್ಟಿ. ಅದಕ್ಕೇ ತೆಗೆದ ಕಲ್ಲನ್ನು ಬಹುಕಾಲ ಒಣಗಲು ಬಿಟ್ಟು ಆಮೇಲೆ ಕಟ್ಟುತ್ತಿದ್ದರು. ನಮ್ಮ ಆಯಿ ನೋಡಿದ ಕೂಡಲೇ, “ಇದು ನಮ್ಮ ಕಡೆಯ ಚಿರೇಕಲ್ಲಿನ ಜಾತಿಯೇ ಸೈ,” ಎಂದಳು. ಕುಮಟಾದ ಪಕ್ಕದ ಮಿರ್ಜಾನ್ ಕೋಟೆ ನೋಡಿ ಬೆಳೆದವರಿಗೆ ಇದು ಬೇಗ ಹೊಳೆಯುತ್ತದೆ. ಕಲ್ಲಿನ ಕುಲ ಬೇರೆ, ಗುಣ ಅದೇ.

ಈ ಮೆದುತನವೇ ಊರಿನ ಜನರನ್ನು ಉಳಿಸಿತು. 1702ರಲ್ಲಿ ಕ್ಯಾರೊಲಿನಾದ ಇಂಗ್ಲಿಷ್ ಸೈನ್ಯ ಮುತ್ತಿಗೆ ಹಾಕಿದಾಗ ಸುಮಾರು 1500 ಜನ ಈ ಗೋಡೆಗಳ ಒಳಗೆ ಐವತ್ತು ದಿನದಷ್ಟು ಕಾಲ ಕೂತಿದ್ದರು. ಗಡಸು ಕಲ್ಲಾಗಿದ್ದರೆ ಗುಂಡು ಬಿದ್ದಲ್ಲಿ ಸೀಳುತ್ತಿತ್ತು. ಕೊಕೀನಾ ಗುಂಡನ್ನು ನುಂಗಿಕೊಂಡಿತು. 1740ರಲ್ಲಿ ಜಾರ್ಜಿಯಾದ ಜೇಮ್ಸ್ ಓಗಲ್‌ಥೋರ್ಪ್ ಬಂದು ಮತ್ತೆ ವಾರಗಟ್ಟಲೆ ಗುಂಡು ಹಾರಿಸಿ ಬರಿಗೈಯಲ್ಲಿ ಹಿಂತಿರುಗಿದ. ಈ ಕೋಟೆ ಕೈ ಬದಲಾದದ್ದೆಲ್ಲ ಒಪ್ಪಂದದ ಕಾಗದದ ಮೇಲೆ: 1763ರಲ್ಲಿ ಬ್ರಿಟಿಷರಿಗೆ, 1784ರಲ್ಲಿ ಮರಳಿ ಸ್ಪೇನಿಗೆ, 1821ರಲ್ಲಿ ಅಮೆರಿಕಕ್ಕೆ. ಆದರೆ ಗುಂಡು ತಾಳಿದ ಕಲ್ಲು ಜನರ ಕೈಕಾಲು ತಾಳುವುದಿಲ್ಲ, ಉಜ್ಜಿದಷ್ಟೂ ಉದುರುತ್ತದೆ. ಮಕ್ಕಳನ್ನು ಗೋಡೆ ಹತ್ತಿಸಿ ಫೋಟೋ ತೆಗೆಯಲು ಹೋಗಬೇಡಿ, ರೇಂಜರುಗಳು ಬಯ್ಯುತ್ತಾರೆ. ಬಯ್ಯುವುದು ಸರಿಯೂ ಹೌದು.

ಕೆಳಗಿನ ಅಂಗಳ ಮತ್ತು ಕೋಣೆಗಳಲ್ಲಿ ಹಿರಿಯರು ಆರಾಮಾಗಿ ಅಡ್ಡಾಡಬಹುದು. ಫಿರಂಗಿಗಳಿರುವ ಮೇಲಿನ ಅಟ್ಟಕ್ಕೆ ಮೆಟ್ಟಿಲೇ ಗತಿ, ಲಿಫ್ಟ್ ಇಲ್ಲ. ಮೇಲೆ ನೆರಳೂ ಇಲ್ಲ. ಫಿರಂಗಿ ಹಾರಿಸುವ ಪ್ರದರ್ಶನ ಸಾಮಾನ್ಯವಾಗಿ ವಾರಾಂತ್ಯಕ್ಕೆ. ಸದ್ದು ಜೋರು, ಸಣ್ಣ ಮಗು ಇದ್ದರೆ ಕಿವಿ ಮುಚ್ಚಿ.

ಕೋಣೆಗಳಲ್ಲಿ ಒಂದು ಕತೆಯನ್ನು ಬಿಟ್ಟು ಬರಬೇಡಿ. 1837ರಲ್ಲಿ ಸೆಮಿನೋಲ್ ಬುಡಕಟ್ಟಿನ ನಾಯಕ ಓಸಿಯೋಲನನ್ನು ಬಿಳಿ ಬಾವುಟದಡಿ ಮಾತುಕತೆಗೆ ಬಂದಾಗ ಹಿಡಿದು ಇಲ್ಲಿ ಕೂಡಿಟ್ಟರು. 1875ರಿಂದ 1878ರವರೆಗೆ ಷಯೆನ್, ಕೈಯೊವಾ, ಅರಪಾಹೊ ಮೊದಲಾದ ಬಯಲುಸೀಮೆಯ ಬುಡಕಟ್ಟಿನವರು ಇಲ್ಲಿ ಸೆರೆಯಲ್ಲಿದ್ದರು. ಅವರ ಉಸ್ತುವಾರಿಗಿದ್ದ ರಿಚರ್ಡ್ ಪ್ರ್ಯಾಟ್, ಆ ಸೆರೆಯಾಳುಗಳ ಕೂದಲು ಕತ್ತರಿಸಿ, ಸಿಪಾಯಿ ಬಟ್ಟೆ ತೊಡಿಸಿ, ಇಂಗ್ಲಿಷ್ ಕಲಿಸಿದ. ಅದೇ ಪ್ರಯೋಗವನ್ನು ಮಕ್ಕಳ ಮೇಲೆ ನಡೆಸಲು 1879ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಾರ್ಲೈಲ್ ಶಾಲೆ ತೆರೆದ. ಸೆರೆಯಲ್ಲಿದ್ದವರು ಲೆಕ್ಕದ ಪುಸ್ತಕದ ಹಾಳೆಗಳ ಮೇಲೆ ಬರೆದ ಕುದುರೆ, ಬೇಟೆ, ರೈಲಿನ ಚಿತ್ರಗಳು ಇಂದು ಅಮೆರಿಕದ ಮ್ಯೂಸಿಯಂಗಳಲ್ಲಿವೆ. ಕಡಲ್ಗಳ್ಳರ ಟೋಪಿ ಮಾರುವ ಬೀದಿ ಇಲ್ಲಿಂದ ಐದು ನಿಮಿಷದ ನಡಿಗೆ.

ಮಧ್ಯಾಹ್ನದ ಬಿಸಿಲಿಗೆ ಹೆನ್ರಿ ಫ್ಲ್ಯಾಗ್ಲರ್ ಕಟ್ಟಿಸಿದ ಕಟ್ಟಡಗಳು ಹೇಳಿ ಮಾಡಿಸಿದಂತಿವೆ. ಸ್ಟ್ಯಾಂಡರ್ಡ್ ಆಯಿಲ್‌ನಲ್ಲಿ ರಾಕ್‌ಫೆಲರ್‌ನ ಪಾಲುದಾರನಾಗಿದ್ದ ಈತ 1888ರಲ್ಲಿ ಇಲ್ಲಿ ಪೋನ್ಸೆ ದೆ ಲಿಯೋನ್ ಎಂಬ ಹೋಟೆಲ್ ತೆರೆದ. ಈಗ ಅದು ಫ್ಲ್ಯಾಗ್ಲರ್ ಕಾಲೇಜು. ದುಡ್ಡು ಕೊಟ್ಟು ಗೈಡ್ ಜೊತೆ ಒಳಗೆ ಹೋಗಬಹುದು. ಊಟದ ಹಾಲ್‌ನ ಟಿಫನಿ ಬಣ್ಣದ ಗಾಜಿನ ಕಿಟಕಿಗಳಿಗಾಗಿಯಾದರೂ ಹೋಗಿ. ಅದರಡಿಯಲ್ಲಿ ಹುಡುಗರು ತಟ್ಟೆ ಹಿಡಿದು ದಿನಾ ಊಟ ಮಾಡುತ್ತಾರೆ ಎಂಬುದು ನನಗೆ ಹೊಟ್ಟೆಕಿಚ್ಚಿನ ವಿಷಯ. ರಸ್ತೆಯಾಚೆ ಅವನದೇ ಇನ್ನೊಂದು ಹೋಟೆಲ್ ಅಲ್ಕಜಾರ್, ಈಗ ಲೈಟ್ನರ್ ಮ್ಯೂಸಿಯಂ. ಗಾಜು, ಪೀಠೋಪಕರಣ, ಸಂಗೀತದ ಪೆಟ್ಟಿಗೆಗಳ ರಾಶಿ. ಹಳೆಯ ಒಳಾಂಗಣ ಈಜುಕೊಳದ ತಳದಲ್ಲಿ ಈಗ ಕೆಫೆ ನಡೆಯುತ್ತದೆ. ಎರಡಕ್ಕೂ ಟಿಕೆಟ್ ಕೊಳ್ಳಲು ಮನಸ್ಸಿಲ್ಲದಿದ್ದರೆ ಕಾಲೇಜನ್ನು ಆರಿಸಿ.

ಇನ್ನು ಯೌವನದ ಚಿಲುಮೆ. ಫೌಂಟನ್ ಆಫ್ ಯೂತ್ ಎಂಬ ಖಾಸಗಿ ಉದ್ಯಾನದಲ್ಲಿ ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ಗಂಧಕದ ವಾಸನೆಯ ನೀರು ಕೊಡುತ್ತಾರೆ. ಅಪ್ಪಯ್ಯ ಒಂದು ಗುಟುಕು ಕುಡಿದು, “ಎಪ್ಪತ್ತೆರಡೇ ಸಾಕು ಮಾರಾಯ,” ಎಂದು ಲೋಟ ಕೆಳಗಿಟ್ಟರು. 1513ರಲ್ಲಿ ಫ್ಲೋರಿಡಾಕ್ಕೆ ಬಂದ ಸ್ಪೇನಿನ ಪೋನ್ಸೆ ದೆ ಲಿಯೋನ್ ಇಂಥ ನೀರನ್ನು ಹುಡುಕಿಕೊಂಡು ಬಂದ ಎಂಬುದು ಅವನು ಸತ್ತ ಮೇಲೆ ಹುಟ್ಟಿದ ಕತೆ. ತಮಾಷೆಯೆಂದರೆ ಸುಳ್ಳು ಚಿಲುಮೆಯ ಕೆಳಗಿನ ನೆಲ ನಿಜವಾದದ್ದು: ಇಲ್ಲಿನ ಮೂಲನಿವಾಸಿಗಳಾದ ಟಿಮುಕುವಾ ಜನರ ಹಳ್ಳಿ, 1565ರ ಮೊದಲ ಸ್ಪ್ಯಾನಿಷ್ ಠಾಣ್ಯ ಎರಡರ ಕುರುಹೂ ಪುರಾತತ್ವದವರಿಗೆ ಸಿಕ್ಕಿದ್ದು ಇಲ್ಲೇ. ಉತ್ಖನನದ ವಿವರ ಓದುವ ತಾಳ್ಮೆಯಿದ್ದರೆ ಹೋಗಿ, ಇಲ್ಲದಿದ್ದರೆ ಅದೇ ದುಡ್ಡಿಗೆ ಊಟ ಮಾಡಿ. ಪಕ್ಕದ ನೋಂಬ್ರೆ ದೆ ದಿಯೋಸ್ ಮಿಷನ್ ಆವರಣಕ್ಕೆ ಟಿಕೆಟ್ ಇಲ್ಲ; ಓಕ್ ಮರಗಳ ನೆರಳು, ನೀರಿನಂಚಿನಲ್ಲಿ 208 ಅಡಿಯ ಉಕ್ಕಿನ ಶಿಲುಬೆ, ಹಿರಿಯರು ಕೂರಲು ಬೆಂಚು ಎಲ್ಲ ಇದೆ.

ಪ್ರವಾಸಿಗರು ಹೆಚ್ಚು ಹೋಗದ, ನಾನು ಕಡ್ಡಾಯವಾಗಿ ಹೋಗಿ ಎನ್ನುವ ಜಾಗ ಕೋಟೆಯಿಂದ ಎರಡು ಮೈಲಿ ಉತ್ತರಕ್ಕಿರುವ ಫೋರ್ಟ್ ಮೋಸೆ. ಇಂಗ್ಲಿಷರ ತೋಟಗಳಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಓಡಿಬಂದ ಗುಲಾಮರು ಕ್ಯಾಥೊಲಿಕರಾಗಿ ಸ್ಪೇನಿನ ಪರ ಆಯುಧ ಹಿಡಿದರೆ ಅವರಿಗೆ ಬಿಡುಗಡೆ ಸಿಗುತ್ತಿತ್ತು. ಹಾಗೆ 1738ರಲ್ಲಿ ಸ್ವತಂತ್ರ ಕಪ್ಪು ಜನರದೇ ಊರೊಂದು ಇಲ್ಲಿ ಹುಟ್ಟಿತು. ಅವರ ದಳದ ಕ್ಯಾಪ್ಟನ್ ಫ್ರಾನ್ಸಿಸ್ಕೊ ಮೆನೆಂಡೆಸ್, ತಾನೇ ಗುಲಾಮಗಿರಿಯಿಂದ ಪಾರಾಗಿ ಬಂದವನು. 1763ರಲ್ಲಿ ಬ್ರಿಟಿಷರು ಬಂದಾಗ ಊರಿಗೆ ಊರೇ ಕ್ಯೂಬಾಕ್ಕೆ ಎದ್ದು ಹೋಯಿತು. ಈಗ ಸಣ್ಣ ಮ್ಯೂಸಿಯಂ, ಮರುನಿರ್ಮಿಸಿದ ಪುಟ್ಟ ಕೋಟೆ, ಉಪ್ಪುನೀರಿನ ಜೌಗಿನ ಮೇಲೆ ಹಲಗೆಯ ಕಾಲುದಾರಿ ಇವೆ. ಒಂದು ತಾಸು ಸಾಕು. ಸೊಳ್ಳೆ ಔಷಧಿ ಹಚ್ಚಿಕೊಂಡೇ ಹೋಗಿ.

ಅದೇ ಎಳೆಯ ಮುಂದಿನ ತುದಿ ಊರ ನಡುವೆಯೇ ಇದೆ. 1964ರ ಜೂನ್ 11ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಇಲ್ಲಿನ ಮಾನ್ಸನ್ ಮೋಟೆಲ್‌ನ ಬಾಗಿಲಲ್ಲಿ ಬಂಧಿಸಿದರು. ಊಟಕ್ಕೆ ಒಳಗೆ ಬಿಡಿ ಎಂದು ಕೇಳಿದ್ದೇ ತಪ್ಪು. ಒಂದು ವಾರದ ಮೇಲೆ, ಬಿಳಿಯರೂ ಕರಿಯರೂ ಒಟ್ಟಿಗೆ ಇಳಿದ ಅದೇ ಮೋಟೆಲ್‌ನ ಈಜುಕೊಳಕ್ಕೆ ಮ್ಯಾನೇಜರ್ ಆಸಿಡ್ ಸುರಿದ. ಮರುದಿನ ಸೆನೆಟ್ ನಾಗರಿಕ ಹಕ್ಕುಗಳ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮೋಟೆಲ್ ಈಗಿಲ್ಲ, ಆ ಜಾಗದಲ್ಲಿ ನಿಂತ ಹೊಸ ಹೋಟೆಲ್‌ನ ಪಕ್ಕ ಹಳೆಯ ಮೆಟ್ಟಿಲುಗಳನ್ನು ಮಾತ್ರ ಉಳಿಸಿದ್ದಾರೆ. ಹುಡುಕಿಕೊಂಡು ಹೋಗದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಹತ್ತಿರದ ಪ್ಲಾಜಾದಲ್ಲಿ ಆ ಹೋರಾಟದ ಕಾಲಾಳುಗಳ ಸ್ಮಾರಕವಿದೆ. ಕುತೂಹಲ ಉಳಿದರೆ ಲಿಂಕನ್‌ವಿಲ್ ಬಡಾವಣೆಯ ಹಳೆಯ ಶಾಲಾ ಕಟ್ಟಡದಲ್ಲಿರುವ ಮ್ಯೂಸಿಯಂವರೆಗೂ ಹೋಗಿ ಬನ್ನಿ.

ಊಟದ ವಿಚಾರ. ಮೀನು ತಿನ್ನುವವರಿಗೆ ಹಬ್ಬ. 1777ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಮಿನೋರ್ಕಾ ದ್ವೀಪದವರ ಅಡುಗೆ ಇಲ್ಲಿನ ಹೆಮ್ಮೆ. ಅವರ ಕಪ್ಪೆಚಿಪ್ಪಿನ ಸಾರಿಗೆ ಡಾಟಿಲ್ ಎಂಬ ಹಳದಿ ಮೆಣಸು ಹಾಕುತ್ತಾರೆ. ಹಬನೇರೊದಷ್ಟು ಖಾರ, ಹಿಂದೆ ಒಂಚೂರು ಸಿಹಿ. ಆ ಸಾಸ್‌ನ ಬಾಟಲಿ ಒಂದು ತನ್ನಿ, ದೋಸೆಗೂ ನಡೆಯುತ್ತದೆ. ಸಸ್ಯಾಹಾರಿಗಳು ಕ್ಯೂಬನ್ ಹೋಟೆಲ್‌ನಲ್ಲಿ ಕರಿ ಬೀನ್ಸ್ ಕಾಳಿನ ಪಲ್ಯ, ಅನ್ನ, ಹುರಿದ ಬಾಳೆಹಣ್ಣು ತಿನ್ನಬಹುದು, ಆದರೆ ಕಾಳಿಗೆ ಹಂದಿಮಾಂಸ ಹಾಕಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ. “ವೆಜಿಟೇರಿಯನ್” ಎಂದಷ್ಟೇ ಹೇಳಿದರೆ ಸಾಲದು. ಅಕ್ಕಿ-ಬೇಳೆ ಬೇಕಾದರೆ ಜ್ಯಾಕ್ಸನ್‌ವಿಲ್‌ನ ಇಂಡಿಯನ್ ಅಂಗಡಿಯಲ್ಲೇ ಕೊಂಡು ಬನ್ನಿ. ಪುಳಿಯೋಗರೆ ಗೊಜ್ಜು, ಅವಲಕ್ಕಿ ಜೊತೆಗಿದ್ದರೆ ಹಿರಿಯರ ರಾತ್ರಿ ಊಟದ ಚಿಂತೆಯಿಲ್ಲ.

ಕಾರನ್ನು ವಿಸಿಟರ್ ಸೆಂಟರ್ ಪಕ್ಕದ ಬಹುಮಹಡಿ ಪಾರ್ಕಿಂಗ್‌ನಲ್ಲಿ ಇಟ್ಟು ಮರೆತುಬಿಡಿ. ಕೋಟೆಯೆದುರಿನ ಜಾಗ ಬೆಳಗ್ಗೆಯೇ ತುಂಬುತ್ತದೆ. ಗಟ್ಟಿ ಕಾಲಿನವರಿಗೆ ಹಳೆಯ ಊರಿಗೆ ಟ್ರಾಲಿ ಬೇಡ, ಮಂಡಿನೋವಿನವರಿಗೆ ಬೇಕು. ಇಟ್ಟಿಗೆ ಹಾಸಿದ ಓಣಿಗಳು ಸಮತಟ್ಟಿಲ್ಲ. ದ್ವೀಪದ ಕಡೆ ರೂಮು ಹಿಡಿದರೆ ಬ್ರಿಜ್ ಆಫ್ ಲಯನ್ಸ್ ದಾಟಬೇಕು. ದೋಣಿಗಳಿಗಾಗಿ ಅದು ಬಾಯಿ ತೆರೆದಾಗಲೆಲ್ಲ ಎರಡೂ ಕಡೆ ಗಾಡಿಗಳ ಸಾಲು ಬೆಳೆಯುತ್ತದೆ. ಟೂರಿಗೆ ಹೊತ್ತು ಗೊತ್ತುಮಾಡಿಕೊಂಡಿದ್ದರೆ ಇಪ್ಪತ್ತು ನಿಮಿಷ ಮುಂಚೆ ಹೊರಡಿ.

ಎರಡನೇ ದಿನ ದ್ವೀಪಕ್ಕೆ. 1874ರ ದೀಪಸ್ತಂಭ 165 ಅಡಿ, 219 ಮೆಟ್ಟಿಲು. 44 ಇಂಚಿಗಿಂತ ಕುಳ್ಳಗಿರುವ ಮಕ್ಕಳನ್ನು ಹತ್ತಲು ಬಿಡುವುದಿಲ್ಲ, ಟಿಕೆಟ್ ಕೊಳ್ಳುವ ಮುಂಚೆ ಅಳೆದುಕೊಳ್ಳಿ. ಹತ್ತಿರದ ಮೊಸಳೆ ಫಾರ್ಮ್ 1893ರದು. ಮೊಸಳೆಗಿಂತ ನನಗೆ ಹಿಡಿಸಿದ್ದು ಅವುಗಳ ಕೊಳದ ಮೇಲಿನ ಮರಗಳು. ವಸಂತದಲ್ಲಿ ಕಾಡು ಬೆಳ್ಳಕ್ಕಿಗಳೂ ಗುಲಾಬಿ ಬಣ್ಣದ ಚಮಚಕೊಕ್ಕಿನ ಹಕ್ಕಿಗಳೂ ತಾವಾಗಿಯೇ ಬಂದು ಅಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ಮೊಸಳೆ ಇದ್ದರೆ ಮೊಟ್ಟೆ ಕದಿಯುವ ರಕೂನ್ ಮರ ಹತ್ತುವುದಿಲ್ಲವಲ್ಲ.

ಅಲ್ಲಿಂದ ಎ1ಎ ರಸ್ತೆಯಲ್ಲಿ ದಕ್ಷಿಣಕ್ಕೆ ಹದಿನಾಲ್ಕು ಮೈಲಿಯಷ್ಟು ಹೋದರೆ ಫೋರ್ಟ್ ಮತಾನ್ಸಾಸ್. 1565ರಲ್ಲಿ ಹಡಗೊಡೆದು ದಡ ಸೇರಿದ್ದ ಸುಮಾರು 250 ಫ್ರೆಂಚರನ್ನು ಮೆನೆಂಡೆಸ್ ಕೊಲ್ಲಿಸಿದ್ದು ಈ ಅಳಿವೆಯ ಬಳಿ. ಈಗ ಕಾಣುವ ಪುಟ್ಟ ಕಾವಲುಕೋಟೆ 1742ಕ್ಕೆ ಮುಗಿದದ್ದು. ಪ್ರವೇಶವೂ ಪುಕ್ಕಟೆ, ಕೋಟೆಗೆ ಒಯ್ಯುವ ದೋಣಿಯೂ ಪುಕ್ಕಟೆ. ಹಾಗಾಗಿಯೇ ದೋಣಿಯ ಪಾಸ್ ಬೇಗ ಮುಗಿಯುತ್ತದೆ. ಅಂದಂದಿನ ಪಾಸ್ ಅಂದೇ, ಮೊದಲು ಬಂದವರಿಗೆ. ಗಾಳಿ-ಮಳೆ ಇದ್ದರೆ, ಕಟ್ಟೆ ರಿಪೇರಿ ಇದ್ದರೆ ದೋಣಿ ಬಿಡುವುದಿಲ್ಲ, ಹೊರಡುವ ಬೆಳಗ್ಗೆ ಪಾರ್ಕ್‌ನ ವೆಬ್‌ಸೈಟ್ ನೋಡಿ.

ಕೊನೆಯದಾಗಿ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆವರು, ಮಧ್ಯಾಹ್ನದ ಗುಡುಗು-ಮಳೆ, ಚಂಡಮಾರುತದ ಭಯ ಎಲ್ಲ ಒಟ್ಟಿಗೆ. ಕೊಲ್ಲಿಯ ದಂಡೆಯ ರಸ್ತೆಗಳಿಗೆ ನೀರು ನುಗ್ಗುವುದೂ ಉಂಟು. ನವೆಂಬರ್ ನಡುವಿನಿಂದ ಜನವರಿವರೆಗೆ ಊರಿಗೆಲ್ಲ ದೀಪ ಹಾಕುತ್ತಾರೆ, ಚೆಂದವೇ, ಆದರೆ ಡಿಸೆಂಬರ್‌ನ ಶನಿವಾರ ರಾತ್ರಿ ಕಾರು ತಂದರೆ ದೀಪಕ್ಕಿಂತ ಮುಂದಿನ ಗಾಡಿಯ ಬ್ರೇಕ್ ಲೈಟನ್ನೇ ಹೆಚ್ಚು ನೋಡುತ್ತೀರಿ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಆರಂಭದಲ್ಲಿ, ವಾರದ ನಡುವೆ ಬನ್ನಿ. ರೂಮು ಸಲೀಸಾಗಿ ಸಿಗುತ್ತದೆ, ಬೆಳ್ಳಕ್ಕಿಗಳೂ ಆ ಹೊತ್ತಿಗೆ ಗೂಡಿಗೆ ಕಡ್ಡಿ ತರಲು ಶುರು ಮಾಡಿರುತ್ತವೆ.