ಮೂರು ಸುರುಳಿಗಳ ಹಿಡಿಕೆ

1920ರ ದಶಕದ ಇಂಗ್ಲೆಂಡಿನ ರೇಡಿಯೋಗಳ ಚಿತ್ರಗಳನ್ನು ಸಂಜೆ ನೋಡುತ್ತ ಕುಳಿತಿದ್ದಾಗ ನನ್ನ ಕಣ್ಣು ನಿಂತದ್ದು, ಜೇನುಹಟ್ಟಿಯಂತೆ ಹೆಣೆದ ತಂತಿಸುರುಳಿಗಳನ್ನು ಸಿಕ್ಕಿಸುವ ಪುಟ್ಟ ಹಿಡಿಕೆಯ ಮೇಲೆ. ಮೂರು ಸುರುಳಿಗಳಲ್ಲಿ ನಡುವಿನದು ಸ್ಥಿರ. ಅಕ್ಕಪಕ್ಕದವು ಪುಸ್ತಕದ ರಟ್ಟುಗಳಂತೆ ತೆರೆದು ಮುಚ್ಚಿಕೊಳ್ಳುತ್ತವೆ. ಕೇಳಬೇಕಾದ ತರಂಗಾಂತರಕ್ಕೆ ತಕ್ಕಂತೆ 35, 50 ಅಥವಾ 75 ಸುತ್ತುಗಳ ಸುರುಳಿಯನ್ನು ಸಿಕ್ಕಿಸಿ, ಪ್ರತಿಪೋಷಣೆಯ ಸುರುಳಿಯನ್ನು (ವರ್ಧಿಸಿದ ಸಂಕೇತದ ಒಂದು ಪಾಲನ್ನು ಮತ್ತೆ ಹಿಂದಕ್ಕೆ ಉಣಿಸುವ ಸುರುಳಿಯನ್ನು) ಕೂದಲೆಳೆಯಷ್ಟು ಹತ್ತಿರ ತಂದರೆ ಕ್ಷೀಣವಾದ ದನಿ ಗಟ್ಟಿಯಾಗುತ್ತಿತ್ತು. ಇನ್ನೊಂದಿಷ್ಟು ತಂದರೆ ಸೆಟ್ಟೇ ಪ್ರಸಾರಕವಾಗಿ, ನೆರೆಮನೆಯ ರೇಡಿಯೋದಲ್ಲಿ ಸಿಳ್ಳೆ ಏಳುತ್ತಿತ್ತು. (ಪಾಪ, ಆ ನೆರೆಯವರು!) ಕೈ ಸಮೀಪಿಸಿದರೇ ಶ್ರುತಿ ಕೆಡುತ್ತಿದ್ದುದರಿಂದ ಕೆಲವು ಹಿಡಿಕೆಗಳಿಗೆ ಎಬೊನೈಟ್ ಎಂಬ ಗಡುಸು ರಬ್ಬರಿನ ಉದ್ದನೆಯ ಕಡ್ಡಿ ಇರುತ್ತಿತ್ತು. ವೀಣೆಯ ಬಿರಡೆಯನ್ನು ಉಸಿರು ಬಿಗಿಹಿಡಿದು ತಿರುಗಿಸುವವರ ಬೆರಳುಗಳು ನನಗೆ ನೆನಪಾದವು.